ಎದೆಯ ಅಪಧಮನಿ, ಕೊರಳಿನ ದನಿ

ಧ್ವನಿಪೆಟ್ಟಿಗೆ ಇರುವುದು ಕುತ್ತಿಗೆಯಲ್ಲಿ. ಆದರೆ ಅದನ್ನು ಆಡಿಸುವ ಮುಖ್ಯ ನರ ಮೆದುಳಿನಿಂದ ನೇರವಾಗಿ ಅಲ್ಲಿಗೆ ಬರುವುದಿಲ್ಲ. ವೇಗಸ್ ನರದೊಂದಿಗೆ ಕೆಳಗಿಳಿದು, ಎಡಗಡೆ ಮಹಾಪಧಮನಿಯ ಕಮಾನಿನಡಿ, ಬಲಗಡೆ ತೋಳಿಗೆ ರಕ್ತ ಒಯ್ಯುವ ಸಬ್‌ಕ್ಲೇವಿಯನ್ ಅಪಧಮನಿಯಡಿ ನುಸುಳಿ ಮತ್ತೆ ಮೇಲೇರುತ್ತದೆ. ಭ್ರೂಣದಲ್ಲಿ ಹೃದಯ ಕುತ್ತಿಗೆಯ ಬಳಿಯೇ ಇರುತ್ತದೆ. ಅದು ಎದೆಗೆ ಇಳಿಯುವಾಗ ಅದರ ರಕ್ತನಾಳಗಳು ನರವನ್ನೂ ಕೆಳಗೆ ಎಳೆದೊಯ್ಯುತ್ತವೆ. ಜಿರಾಫೆಯಲ್ಲಿ ಈ ಸುತ್ತುದಾರಿ ಮೀಟರುಗಟ್ಟಲೆ ಉದ್ದ.

ಸುಮಾರು 100ರಿಂದ 200 ಮಂದಿಯಲ್ಲಿ ಒಬ್ಬರಿಗೆ ಬಲಗಡೆಯ ಸಬ್‌ಕ್ಲೇವಿಯನ್ ಅಪಧಮನಿ ಹುಟ್ಟುವ ಜಾಗವೇ ಬೇರೆ. ಭ್ರೂಣದಲ್ಲಿ ಉಳಿಯಬೇಕಿದ್ದ ನಾಳದ ತುಂಡು ಕರಗಿಹೋಗಿ, ಅಪಧಮನಿ ಕಮಾನಿನ ಕೊನೆಯ ಕವಲಾಗಿ ಎಡದಿಂದ ಹೊರಟು, ಸಾಮಾನ್ಯವಾಗಿ ಅನ್ನನಾಳದ ಹಿಂದೆ ಹಾದು ಬಲತೋಳಿಗೆ ಬರುತ್ತದೆ. ಬಹುತೇಕರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಕೆಲವರಿಗೆ ಮಾತ್ರ ತುತ್ತು ನುಂಗುವುದೇ ಕಷ್ಟ. ಹಾಗೆ ವರ್ಷಾನುಗಟ್ಟಲೆ ನರಳಿದ ಮಹಿಳೆಯೊಬ್ಬರ ವಿವರವನ್ನು ಇಂಗ್ಲೆಂಡಿನ ವೈದ್ಯ ಡೇವಿಡ್ ಬೇಫೋರ್ಡ್ 1794ರಲ್ಲಿ ಪ್ರಕಟಿಸಿದರು. ಕಾರಣ ತಿಳಿದದ್ದು ಮರಣೋತ್ತರ ಪರೀಕ್ಷೆಯಲ್ಲಿ.

ನನ್ನನ್ನು ಹೆಚ್ಚು ಕಾಡುವುದು ನರದ ಸಂಗತಿ. ಕೆಳಗೆಳೆಯುವ ಅಪಧಮನಿಯೇ ಅಲ್ಲಿಲ್ಲದ ಮೇಲೆ ಬಲಗಡೆಯ ನರ ಎದೆಯತ್ತ ಇಳಿಯುವುದೇ ಇಲ್ಲ. ಕುತ್ತಿಗೆಯಲ್ಲೇ ಅಡ್ಡ ಹಾದು ಧ್ವನಿಪೆಟ್ಟಿಗೆ ಸೇರುತ್ತದೆ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್ ನರವನ್ನು ಹುಡುಕುವುದು ಶ್ವಾಸನಾಳ ಮತ್ತು ಅನ್ನನಾಳದ ನಡುವಿನ ಸಂದಿನಲ್ಲಿ. ಇಂಥವರಲ್ಲಿ ಅದು ಅಲ್ಲಿ ಸಿಗದು. ಅಡ್ಡಲಾಗಿ ಬಂದ ನರವನ್ನು ರಕ್ತನಾಳವೆಂದು ಭಾವಿಸಿ ಕತ್ತರಿಸಿದರೆ ಆ ಬದಿಯ ಧ್ವನಿತಂತು ಚಲನೆ ಕಳೆದುಕೊಳ್ಳುತ್ತದೆ, ದನಿ ಒಡೆಯುತ್ತದೆ. ಹಾಡುವವರಿಗೆ, ಪಾಠ ಹೇಳುವವರಿಗೆ, ಸಂತೆಯಲ್ಲಿ ಕೂಗಿ ಮಾರುವವರಿಗೆ ಅದು ಬದುಕಿಗೇ ಬಿದ್ದ ಪೆಟ್ಟು.

ಎಡಗಡೆಯ ಕಥೆ ಬೇರೆ. ಅಲ್ಲಿ ನರ ಎದೆಯೊಳಕ್ಕೇ ಇಳಿಯುವುದರಿಂದ ಹೃದಯದ ಕಾಯಿಲೆಯೂ ದನಿ ಕೆಡಿಸಬಲ್ಲದು. ಮೈಟ್ರಲ್ ಕವಾಟ ಕಿರಿದಾದವರಲ್ಲಿ ದನಿ ಒಡೆಯುವುದನ್ನು ವೈದ್ಯ ನಾರ್ಬರ್ಟ್ ಓರ್ಟ್ನರ್ 1897ರಲ್ಲೇ ವರದಿ ಮಾಡಿದ್ದರು. ರುಮ್ಯಾಟಿಕ್ ಜ್ವರ ಇನ್ನೂ ಕವಾಟಗಳನ್ನು ಹಾಳುಗೆಡವುತ್ತಿರುವ ನಮ್ಮ ದೇಶದಲ್ಲಿ ಇದು ಹಳೆಯ ಮಾತಲ್ಲ.

ಬಲಗಡೆಯ ಅಪಧಮನಿಯ ಈ ವ್ಯತ್ಯಾಸ ಸಿ.ಟಿ. ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ಥೈರಾಯ್ಡ್ ಶಸ್ತ್ರಚಿಕಿತ್ಸೆಗೆ ಹೊರಟವರು, ಹಿಂದೆ ಯಾವ ಕಾರಣಕ್ಕೇ ಎದೆಯ ಸ್ಕ್ಯಾನ್ ಮಾಡಿಸಿದ್ದರೂ ಅದರ ವರದಿಯನ್ನು ಒಯ್ಯಿರಿ. ಅದರಲ್ಲಿ ‘ಅಬೆರೆಂಟ್ ರೈಟ್ ಸಬ್‌ಕ್ಲೇವಿಯನ್ ಆರ್ಟರಿ’ ಎಂದು ಬರೆದಿದ್ದರೆ, ಆ ಸಾಲನ್ನು ಸರ್ಜನ್ನರಿಗೆ ಬೆರಳಿಟ್ಟು ತೋರಿಸಿ.