ಗಾಳವೂ ಕಾಲವೂ

ಗಾಳ ಹಿಡಿದು ಕೆರೆಯ ಏರಿಯ ಮೇಲೆ ಕುಳಿತವನನ್ನು ಕಂಡರೆ ಲೋಕಕ್ಕೆ ಮರುಕ. "ಪಾಪ, ಕೆಲಸವಿಲ್ಲದವನು" ಎಂದುಕೊಂಡು ಜನ ಮುಂದೆ ಸಾಗುತ್ತಾರೆ. ಮೀನು ಸಿಕ್ಕಿದರೆ ಅದೃಷ್ಟ, ಸಿಕ್ಕದಿದ್ದರೆ ಹಣೆಬರಹ ಎಂಬುದು ಅವರ ಸಿದ್ಧಾಂತ. ಈ ಸಿದ್ಧಾಂತವು ಸರಿಯಲ್ಲವೆಂದು ತೋರಿಸುವುದೇ ನನ್ನ ಈ ಸಣ್ಣ ಲೇಖನದ ಉದ್ದೇಶ. ಗಾಳ ಹಾಕುವುದು ಒಂದು ವಿದ್ಯೆ. ನೀರನ್ನು ಓದುವುದು ಆ ವಿದ್ಯೆಯ ಮೊದಲನೆಯ ಪಾಠ.

ಅಮೆರಿಕ ದೇಶದ ಕೆರೆ ಹೊಳೆಗಳಲ್ಲಿ ಬಾಸ್ ಎಂಬ ಮೀನಿದೆ. ಅದನ್ನು ಗಾಳದಿಂದ ಹಿಡಿಯುವುದು ಅಲ್ಲಿ ಬಹು ದೊಡ್ಡ ಕ್ರೀಡೆ. ಹೆನ್‌ಷಲ್ ಎಂಬ ವೈದ್ಯರು 1881ರಷ್ಟು ಹಿಂದೆಯೇ ಅದೊಂದು ಮೀನಿನ ಮೇಲೆ ಒಂದು ಗ್ರಂಥವನ್ನು ಹೊರತಂದರು. ಈ ವಿಷಯದಲ್ಲಿ ನಮ್ಮ ನಾಡೂ ಹಿಂದೆ ಬಿದ್ದಿರಲಿಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲರು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು 120 ಪೌಂಡು ತೂಕದ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದು ಖ್ಯಾತರಾದರು. ಆದರೆ ಹೀಗೆ ಹೆಸರು ಮಾಡಿದ್ದೆಲ್ಲ ಹೊಳೆಯ ಮೀನು. ತುಮಕೂರಿನ ಅಮಾನಿಕೆರೆ, ಗುಬ್ಬಿಯ ಕೆರೆ, ಕಡಬದ ಕೆರೆ, ಕುಣಿಗಲ್ಲಿನ ದೊಡ್ಡಕೆರೆ, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿಯ ಜಲಾಶಯ, ಇವುಗಳ ಮೀನನ್ನು ಕುರಿತು ಯಾರು ಗ್ರಂಥ ಬರೆಯಬೇಕು?

ಈ ಗ್ರಂಥವು ಬರೆಯದೆಯೇ ಕೆಲವರ ತಲೆಯಲ್ಲಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಗುಬ್ಬಿಯ ಕಡೆಯ ನನ್ನ ಸೋದರಮಾವನವರು ಶಾಲೆಯ ಬಾಗಿಲನ್ನು ಕಂಡವರಲ್ಲ. ಅವರಿಗೆ ಗಾಳವು ಕ್ರೀಡೆಯೂ ಅಲ್ಲ. ಕೂಲಿ ಸಿಕ್ಕದ ದಿನ ಸಂಜೆಯ ಸಾರು ಅದರಿಂದಲೇ ಆಗಬೇಕು. ಆದ್ದರಿಂದಲೇ ಅವರು ಎಂದೂ ಅದೃಷ್ಟವನ್ನು ನಂಬಿ ಕೂರುವುದಿಲ್ಲ. "ನೀರ್ ನೋಡ್ದಲೆ ಎರೆ ಕಟ್ಬ್ಯಾಡ ಕಣ್ಲಾ" ಎಂಬುದು ಅವರ ಮೊದಲ ಸೂತ್ರ. ಅವರು ಹೇಳಿದ್ದನ್ನೂ, ನಾನು ಪುಸ್ತಕಗಳಲ್ಲಿ ಓದಿದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಬಹುಮಟ್ಟಿಗೆ ಒಂದೇ ಮಾತನ್ನಾಡುವುದನ್ನು ಕಂಡು ಬೆರಗಾದೆನು.

ಅಮೆರಿಕದ ಬಾಸ್ ಮೀನಿಗೆ ನಮ್ಮಲ್ಲಿ ಸಾಟಿಯೆಂದರೆ ಕೊರವ. ಕೆಲವು ಊರುಗಳಲ್ಲಿ ಇದನ್ನು ಕುಚ್ಚು ಮೀನು ಎನ್ನುತ್ತಾರೆ. ಹಾವಿನಂಥ ತಲೆ, ಉರುಟಾದ ದೇಹ, ಅಗಲವಾದ ಬಾಯಿ. ಇದು ಬೆನ್ನಟ್ಟಿ ಬೇಟೆಯಾಡುವುದು ಕಡಿಮೆ. ಜೊಂಡಿನ ಬುಡದಲ್ಲಿಯೋ ತಾವರೆ ಎಲೆಯ ನೆರಳಿನಲ್ಲಿಯೋ ಹೊಂಚಿ ಕುಳಿತು, ಹತ್ತಿರ ಬಂದ ಸಣ್ಣ ಮೀನನ್ನೋ ಕಪ್ಪೆಯನ್ನೋ ಒಂದೇ ನೆಗೆತಕ್ಕೆ ನುಂಗುತ್ತದೆ. ಇನ್ನೊಂದು ವಿಶೇಷವೆಂದರೆ, ಇದು ಕಿವಿರಿನ ಜೊತೆಗೆ ನೇರವಾಗಿ ಗಾಳಿಯನ್ನೂ ಉಸಿರಾಡುತ್ತದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿಯನ್ನು ಎಳೆದುಕೊಳ್ಳದೆ ಅದಕ್ಕೆ ಬದುಕಿಲ್ಲ. ನೀರಿನ ಮೇಲೆ 'ಗುಳುಕ್' ಎಂದು ಎದ್ದು ಮಾಯವಾಗುವ ಆ ಒಂದು ಉಂಗುರವೇ ಬಲ್ಲವನಿಗೆ ಅದರ ವಿಳಾಸ.

ಇನ್ನು ಕಾಲಗಳ ವಿಚಾರಕ್ಕೆ ಬರೋಣ. ಮೊದಲು ಬೇಸಗೆ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲದು. 30 ಡಿಗ್ರಿಗೆ ಏರಿದರೆ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಇದರ ಮೇಲೆ ಪಾಚಿಯೂ ಜಲಸಸ್ಯಗಳೂ ರಾತ್ರಿಯೆಲ್ಲ ಉಸಿರಾಡಿ ಇದ್ದುದನ್ನೂ ಮುಗಿಸುತ್ತವೆ. ಆದಕಾರಣ ಏಪ್ರಿಲ್ ತಿಂಗಳಿನ ಬೆಳಗಿನ ಜಾವದಲ್ಲಿ ಕಾಟ್ಲಾ, ರೋಹು ಮೊದಲಾದ ಗೆಂಡೆ ಜಾತಿಯ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಹೊಸಬನು ಅಷ್ಟೊಂದು ಮೀನನ್ನು ಕಂಡು ಹಿಗ್ಗಿ ಗಾಳ ಎಸೆಯುತ್ತಾನೆ, ಒಂದೂ ಕಚ್ಚುವುದಿಲ್ಲ. ಉಸಿರಿಗೆ ಒದ್ದಾಡುವವನಿಗೆ ಊಟ ಬೇಕೆ? ಆದರೆ ಗಾಳಿಯನ್ನು ಉಸಿರಾಡುವ ಕೊರವನಿಗೆ ಈ ಕಷ್ಟವಿಲ್ಲ. ಬೇಸಗೆಯಲ್ಲಿ ಗೆಂಡೆಯನ್ನು ಬಿಟ್ಟು ಕೊರವನನ್ನು ಅರಸಬೇಕು, ಅದೂ ನೆರಳಿರುವಲ್ಲಿ, ಬೆಳಿಗ್ಗೆ ಮತ್ತು ಸಂಜೆ. ಹಿಂದೆ ಇದಕ್ಕೆ ಸಣ್ಣ ಕಪ್ಪೆಯನ್ನೇ ಕಟ್ಟುತ್ತಿದ್ದರು. ಈಗ ಪೇಟೆಯಲ್ಲಿ ರಬ್ಬರಿನ ಕಪ್ಪೆ ದೊರೆಯುತ್ತದೆ. ಅದನ್ನು ಜೊಂಡಿನ ಅಂಚಿಗೆ ಎಸೆದು, ಎಲೆಯ ಮೇಲೆ ಹತ್ತಿಸಿ, ಕ್ಷಣಕಾಲ ನಿಲ್ಲಿಸಿ, ನೀರಿಗೆ ಇಳಿಸಬೇಕು. ಮೀನು ಎರಗುವುದು ಬಹುಮಟ್ಟಿಗೆ ಆ ಇಳಿಯುವ ಗಳಿಗೆಯಲ್ಲಿಯೇ.

ಎರಡನೆಯದು ಹೊಸ ನೀರು. ನಮ್ಮ ಜಿಲ್ಲೆಗೆ ಒಳ್ಳೆಯ ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಹಸ್ತ, ಚಿತ್ತೆ ಮಳೆಗಳಿಗೆ ಹಳ್ಳಗಳು ಹರಿದು ಕೆರೆಯ ನೀರೆಲ್ಲ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆಗ ಮೀನಿಗೆ ಕಣ್ಣು ಸಾಲದು. ಆದರೆ ಅದರ ಮೈಯ ಎರಡು ಪಕ್ಕಗಳಲ್ಲಿಯೂ ಪಾರ್ಶ್ವರೇಖೆ ಎಂಬ ಇಂದ್ರಿಯವಿದ್ದು, ನೀರಿನ ಅತಿ ಸಣ್ಣ ಕದಲಿಕೆಯನ್ನೂ ಅದಕ್ಕೆ ತಿಳಿಸುತ್ತದೆ, ವಾಸನೆಯೂ ನೆರವಾಗುತ್ತದೆ. ಆದ್ದರಿಂದ ಕದಡಿದ ನೀರಿಗೆ ಮಿಸುಕಾಡುವ ಎರೆಹುಳು ಅತ್ಯುತ್ತಮ. ಕೃತಕ ಎರೆಯಾದರೆ ಸದ್ದು ಮಾಡುವ, ಕಪ್ಪು ಬಣ್ಣದ, ದೊಡ್ಡದೊಂದನ್ನು ನಿಧಾನವಾಗಿ ಎಳೆಯಬೇಕು. ಹಳ್ಳವು ಕೆರೆಗೆ ಸೇರುವ ಬಾಯಿಯೇ ಆಗ ತಕ್ಕ ಜಾಗ. ಕೊಚ್ಚಿ ಬರುವ ಹುಳುಹುಪ್ಪಟೆಗಳಿಗಾಗಿ ಮೀನು ಅಲ್ಲಿ ಕಾದಿರುತ್ತದೆ.

ಮೂರನೆಯದು, ಮಣ್ಣು ತಳಕ್ಕಿಳಿದು ನೀರು ತಿಳಿಯಾದ ಕಾಲ. ಈಗ ಮೀನು ನಮ್ಮನ್ನು ನೋಡುತ್ತದೆ. ನಮ್ಮ ನೆರಳು ನೀರಿನ ಮೇಲೆ ಬೀಳಬಾರದು, ದಾರ ತೆಳುವಾಗಿರಬೇಕು, ಎರೆ ಸಣ್ಣದಾಗಿ, ನಿಜವಾದ ಮೀನಿನ ಮರಿಯನ್ನು ಹೋಲಬೇಕು. ಮೋಡ ಕವಿದ ದಿನ ಕೊರವನು ನೆರಳು ಬಿಟ್ಟು ಅಲೆದಾಡುತ್ತಾನೆ. ಗಾಳಿ ಬೀಸುವ ದಿನ, ಅದು ಯಾವ ದಡದ ಕಡೆಗೆ ಬೀಸುತ್ತದೆಯೋ ಆ ದಡದಲ್ಲಿ ಕೂರಬೇಕು. ಅಲೆಗಳು ತೇಲುವ ಆಹಾರವನ್ನೆಲ್ಲ ಅಲ್ಲಿಗೆ ಒಯ್ಯುತ್ತವೆ, ಆಹಾರದ ಹಿಂದೆ ಸಣ್ಣ ಮೀನು, ಅದರ ಹಿಂದೆ ದೊಡ್ಡದು.

ನಾಲ್ಕನೆಯದು ಚಳಿ. ಮೀನಿನ ರಕ್ತಕ್ಕೆ ನಮ್ಮಂತೆ ಸ್ವಂತದ ಬಿಸಿಯಿಲ್ಲ. ನೀರು ತಣ್ಣಗಾದರೆ ಅದರ ಜೀರ್ಣಶಕ್ತಿಯೂ ಕುಗ್ಗುತ್ತದೆ. ಡಿಸೆಂಬರ್, ಜನವರಿಯಲ್ಲಿ ನಸುಕಿಗೆ ಎದ್ದು ಹೋಗಿ ನಡುಗುವ ಅಗತ್ಯವಿಲ್ಲ. ಬಿಸಿಲೇರಿದ ಮೇಲೆ ಹೋದರೆ ಸಾಕು. ಎರೆ ಚಿಕ್ಕದಿರಲಿ, ಬೆಂಡನ್ನು ಮೇಲಕ್ಕೆ ಸರಿಸಿ ಗಾಳವನ್ನು ಆಳಕ್ಕೆ ಬಿಡಲಿ. ಗೆಂಡೆಗಾದರೆ ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿಯನ್ನು ಬೆರೆಸಿ ಬೇಯಿಸಿದ ಸಣ್ಣ ಉಂಡೆ ಸೊಗಸು. ಕಾವೇರಿಯ ಮಹಶೀರ್ ಮೀನೂ ರಾಗಿ ಉಂಡೆಗೆ ಒಲಿದದ್ದೇ. ರಾಗಿಯ ರುಚಿ ಬಲ್ಲವರು ನಾವು ಮಾತ್ರವಲ್ಲ!

ಆದರೆ ಹಿರಿಯರ ಈ ಪಂಚಾಂಗವನ್ನು ಕಣ್ಣು ಮುಚ್ಚಿ ನಂಬುವ ಕಾಲ ಈಗಿಲ್ಲ. ಗೊರೂರಿನ ಜಲಾಶಯದಿಂದ ಹೇಮಾವತಿಯ ನೀರು ನಾಲೆಯ ಮೂಲಕ ನಮ್ಮ ಜಿಲ್ಲೆಗೆ ಬರುತ್ತದೆ. ಮಲೆನಾಡಿನಲ್ಲಿ ಮುಂಗಾರು ಹಿಡಿದರೆ, ನಮ್ಮ ಆಕಾಶದಲ್ಲಿ ಒಂದು ಮೋಡವಿಲ್ಲದಿದ್ದರೂ ನಾಲೆಯ ನೀರು ಬೀಳುವ ಕೆರೆ ತುಂಬುತ್ತದೆ. ಅಂಥ ಕೆರೆಯಲ್ಲಿ ಮಳೆಯ ನಕ್ಷತ್ರವನ್ನು ಎಣಿಸಿ ಫಲವಿಲ್ಲ, ನಾಲೆಯನ್ನು ನೋಡಬೇಕು. ಹಾಗೆಯೇ 1952ರಲ್ಲಿ ಭಾರತಕ್ಕೆ ತರಲಾದ ತಿಲಾಪಿಯಾ ಮೀನು, ನಮ್ಮ ಜನರ ಬಾಯಲ್ಲಿ 'ಜಿಲೇಬಿ', ಈಗ ಕೆರೆಕೆರೆಯಲ್ಲಿಯೂ ತುಂಬಿದೆ. ಎರೆಹುಳುವನ್ನು ಕಟ್ಟಿದರೆ ಗಳಿಗೆಯಲ್ಲಿ ಕುಟುಕಿ ಮುಗಿಸುತ್ತದೆ. ನಮ್ಮ ಮಾವನವರು ಅದನ್ನು ಬೈಯುತ್ತ ಕೂರಲಿಲ್ಲ. ಕೊರವನೂ ಈಗ ಜಿಲೇಬಿಯ ಮರಿಯನ್ನೇ ತಿನ್ನುತ್ತಾನೆಂದು ಅರಿತು, ಆ ಮರಿಯ ಆಕಾರದ ಎರೆಯನ್ನೇ ಕಟ್ಟತೊಡಗಿದರು. ನೀರು ಬದಲಾದರೆ ವಿದ್ಯೆಯೂ ಬದಲಾಗಬೇಕು.

ಕಡೆಯದಾಗಿ ಒಂದು ಮಾತು. ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ಮಳೆಗಾಲದಲ್ಲಿ ದಡದ ಬಳಿ ಅಂಗೈಯಗಲದ ಜಾಗದಲ್ಲಿ ನೀರು ಮರಳುವಂತೆ ಕಾಣುವುದುಂಟು. ಬಗ್ಗಿ ನೋಡಿದರೆ ಕೆಂಪು ಕೆಂಪಾದ ಸಣ್ಣ ಮರಿಗಳ ಗುಂಪು. ಅದರ ಕೆಳಗೆ ಹೆತ್ತ ಕೊರವ ಕಾವಲಿರುತ್ತದೆ. ಮರಿಗಳ ಹತ್ತಿರ ಬಂದ ಯಾವುದನ್ನಾದರೂ ಸರಿಯೆ, ಹಸಿವಿಲ್ಲದಿದ್ದರೂ, ಸಿಟ್ಟಿನಿಂದ ಕಚ್ಚುತ್ತದೆ. ಅಲ್ಲಿಗೆ ಎರೆ ಎಸೆದವನಿಗೆ ಮೀನು ನಿಶ್ಚಯ. ಆದರೆ ಕಾವಲು ಹೋದ ಮರಿಗಳನ್ನು ಉಳಿದ ಮೀನುಗಳೂ ಹಕ್ಕಿಗಳೂ ಬಿಡುವುದಿಲ್ಲ. ಕಾಟ್ಲಾ, ರೋಹುಗಳ ಸಂಗತಿ ಬೇರೆ. ಅವು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಗೆಂಡೆಗಳಲ್ಲಿ ಮರಿ ಪಡೆಯುವ ದಾರಿ ತೋರಿಸಿದ ಮೇಲೆ, ಅವುಗಳ ಮರಿಯನ್ನು ಬೇರೆಡೆ ಬೆಳೆಸಿ ಕೆರೆಗೆ ತಂದು ಬಿಡುತ್ತಾರೆ. ಈ ವರ್ಷ ಹಿಡಿದದ್ದಕ್ಕೆ ಮುಂದಿನ ವರ್ಷ ಬದಲು ಬಂದೀತು. ಕೊರವನ ಸಂತಾನ ಮಾತ್ರ ಆ ಕೆರೆಯಲ್ಲಿಯೇ ಹುಟ್ಟಿ ಬೆಳೆಯಬೇಕು.

ಮನೆಯಲ್ಲಿ ಸಾರಿಗೆ ಏನೂ ಇಲ್ಲದ ಸಂಜೆಯೂ ನಮ್ಮ ಮಾವನವರು ಅಂಥ ಗುಂಪನ್ನು ಕಂಡು ಗಾಳ ಎತ್ತಿಕೊಂಡು ಮುಂದೆ ನಡೆದದ್ದನ್ನು ನಾನು ನೋಡಿದ್ದೇನೆ. ಏಕೆಂದು ಕೇಳಿದರೆ, "ನಾಳೀಕೂ ಈ ಕೆರೇಗ್ ಬರೋರು ನಾವೇ ಅಲ್ವೇನ್ಲಾ?" ಎಂದಷ್ಟೇ ಹೇಳಿದರು. ಯಾವ ಕಾಲಕ್ಕೆ ಯಾವ ಎರೆ ಎಂಬುದನ್ನು ಬಲ್ಲವನು ಗಾಳಗಾರ. ಯಾವ ಕಾಲಕ್ಕೆ ಎರೆಯನ್ನೇ ಕಟ್ಟಬಾರದು ಎಂಬುದನ್ನೂ ಬಲ್ಲವನು ಆ ವಿದ್ಯೆಯಲ್ಲಿ ಪದವೀಧರ.

ಗೆಳೆಯರಲ್ಲಿ ಯಾರಿಗಾದರೂ ಆಸಕ್ತಿ ಹುಟ್ಟಿದರೆ ಬಿದಿರಿನ ಗಣೆಯೊಂದು ಸಾಕು, ಹೆಚ್ಚಿನ ಖರ್ಚಿಲ್ಲ. ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುವುದುಂಟು. ಗುತ್ತಿಗೆ ಹಿಡಿದವರನ್ನು ಮೊದಲು ಕೇಳಿಕೊಳ್ಳಿರಿ. ಆಮೇಲೆ ದಡದಲ್ಲಿ ಕುಳಿತು, ಗಾಳವನ್ನು ಪಕ್ಕಕ್ಕಿಟ್ಟು, ಹತ್ತು ನಿಮಿಷ ಸುಮ್ಮನೆ ನೀರನ್ನು ನೋಡಿರಿ. ದಾರಿಹೋಕರು ನಿಮ್ಮನ್ನು ಕೆಲಸವಿಲ್ಲದವರೆಂದರೆ ಅನ್ನಲಿ.