ಚಕ್ರ ಮೆನು: ಹೆಸರು ಹುಡುಕದೆ ದಿಕ್ಕು ಹಿಡಿದು ತಂತ್ರಾಂಶ ತೆರೆಯುವ ಬಗೆ

ಕಂಪ್ಯೂಟರಿನ ಪರದೆಯಲ್ಲಿ ಮೌಸಿನ ಬಾಣ ಎಲ್ಲಿದೆಯೋ ಅಲ್ಲೇ, ಅದರ ಸುತ್ತ ದುಂಡಗೆ ತೆರೆದುಕೊಳ್ಳುವ ಆಯ್ಕೆಗಳ ಗುಂಪೇ ಚಕ್ರ ಮೆನು. ಕೀಲಿಮಣೆಯ ಎರಡು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬ್ರೌಸರ್, ಕಡತಗಳು, ಪತ್ರ ಬರೆಯುವ ತಂತ್ರಾಂಶ, ಕ್ಯಾಲ್ಕುಲೇಟರ್ ಮುಂತಾದವುಗಳ ಚಿತ್ರಗಳು ಬಾಣವನ್ನು ಸುತ್ತುವರಿದು ನಿಲ್ಲುತ್ತವೆ. ಬೇಕಾದ ಚಿತ್ರದ ಕಡೆಗೆ ಬಾಣವನ್ನು ತುಸು ಸರಿಸಿ ಗುಂಡಿ ಒತ್ತಿದರೆ ಆ ತಂತ್ರಾಂಶ ತೆರೆಯುತ್ತದೆ. ಆಯ್ಕೆ ಮುಗಿದೊಡನೆ ಮೆನು ಮಾಯವಾಗುತ್ತದೆ. ಪರದೆಯ ಅಂಚಿನಲ್ಲಿ ಸದಾ ಜಾಗ ಹಿಡಿದು ಕೂರುವುದಿಲ್ಲ. ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಉಚಿತ ಕಾರ್ಯವ್ಯವಸ್ಥೆ ಲಿನಕ್ಸ್ ಬಳಸುವವರಿಗೆ ಇಂಥ ಮೆನು ಕೊಡುವ ಉಚಿತ ತಂತ್ರಾಂಶಗಳು ಸುಮಾರು ಹದಿನೈದು ವರ್ಷಗಳಿಂದ ಬೆಳೆಯುತ್ತ ಬಂದಿವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಹತ್ತು ವರ್ಷ ಹಳೆಯ ಬಹುಪಾಲು ಯಂತ್ರಗಳು ವಿಂಡೋಸ್ 11ರ ಷರತ್ತುಗಳಿಗೆ ಹೊಂದುವುದಿಲ್ಲ. ಜಮಖಂಡಿಯ ಲಗ್ನಪತ್ರಿಕೆ ಅಚ್ಚುಹಾಕುವ ಅಂಗಡಿಯಿರಲಿ, ಮುಧೋಳದಲ್ಲಿ ಕಬ್ಬಿನ ಲೆಕ್ಕ ಇಡುವ ಕೋಣೆಯಿರಲಿ, ಬೀಳಗಿಯ ಝೆರಾಕ್ಸ್ ಅಂಗಡಿಯಿರಲಿ, ರಬಕವಿ-ಬನಹಟ್ಟಿಯ ಮಗ್ಗದ ಮಾಲೀಕರ ಕಚೇರಿಯಿರಲಿ, ಅಂಥ ಯಂತ್ರವನ್ನು ಗುಜರಿಗೆ ಹಾಕದೆ ಸುರಕ್ಷಿತವಾಗಿ ಮುಂದುವರಿಸಲು ಲಿನಕ್ಸ್ ಒಳ್ಳೆಯ ದಾರಿ. ಆದರೆ ಹೊಸದಾಗಿ ಲಿನಕ್ಸಿಗೆ ಬಂದವರು ಮೊದಲು ಎಡವುವುದು ಒಂದು ಸಣ್ಣ ವಿಷಯದಲ್ಲಿ. ಬೇಕಾದ ತಂತ್ರಾಂಶ ಎಲ್ಲಿದೆ ಎಂಬುದೇ ಅವರಿಗೆ ತಿಳಿಯುವುದಿಲ್ಲ.

ಲಿನಕ್ಸ್ ಪರದೆಗಳಲ್ಲಿ ತಂತ್ರಾಂಶ ತೆರೆಯಲು ಸಾಮಾನ್ಯವಾಗಿ ಎರಡು ದಾರಿಗಳಿವೆ. ಒಂದು, ಮೇಲಿನಿಂದ ಕೆಳಕ್ಕೆ ಇಳಿಯುವ ಪಟ್ಟಿ. ಇನ್ನೊಂದು, ಹೆಸರಿನ ಮೊದಲ ಅಕ್ಷರಗಳನ್ನು ಟೈಪು ಮಾಡಿ ಹುಡುಕುವುದು. ಗ್ನೋಮ್ ಎಂಬ ಜನಪ್ರಿಯ ಪರದೆ ವ್ಯವಸ್ಥೆ 2011ರಲ್ಲಿ ಬಂದ ತನ್ನ ಮೂರನೆಯ ಆವೃತ್ತಿಯಿಂದ ಎರಡನೆಯ ದಾರಿಗೇ ಹೆಚ್ಚು ಒತ್ತು ಕೊಟ್ಟಿದೆ. ಇಂಗ್ಲಿಷಿನಲ್ಲಿ ಟೈಪು ಮಾಡುವವರಿಗೆ ಅದು ಚುರುಕಾದ ದಾರಿ. ಕನ್ನಡದಲ್ಲಿ ಕೆಲಸ ಮಾಡುವವರ ಕಷ್ಟ ಬೇರೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ, ಕಗಪ ಎಂದು ಹೆಸರಾದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ಮೊದಲೇ ಅಡಕವಾಗಿದೆ. ಅದನ್ನು ಹಾಕಿಕೊಂಡು ಕನ್ನಡ ಬರೆಯುತ್ತಿರುವಾಗ ಫೈರ್‌ಫಾಕ್ಸ್ ಬೇಕೆಂದು ಹುಡುಕು ಪೆಟ್ಟಿಗೆಯಲ್ಲಿ ಟೈಪು ಮಾಡಿದರೆ ಮೂಡುವುದು ಕನ್ನಡ ಅಕ್ಷರಗಳು. ತಂತ್ರಾಂಶದ ಹೆಸರು ದಾಖಲಾಗಿರುವುದು ಇಂಗ್ಲಿಷಿನಲ್ಲಿ. ಹುಡುಕಾಟ ಬರಿಗೈಯಲ್ಲಿ ಮರಳುತ್ತದೆ. ಪ್ರತಿ ಸಲವೂ ಕೀಲಿಮಣೆ ಬದಲಿಸಿ, ಟೈಪು ಮಾಡಿ, ಮತ್ತೆ ಕನ್ನಡಕ್ಕೆ ಹೊರಳಬೇಕು. ಚಕ್ರ ಮೆನುವಿಗೆ ಈ ತೊಡಕೇ ಇಲ್ಲ. ಅದು ಕೇಳುವುದು ದಿಕ್ಕನ್ನು, ಅಕ್ಷರವನ್ನಲ್ಲ. ಕನ್ನಡಿಗರಿಗೆ ಅದರ ಮುಖ್ಯ ಉಪಯೋಗ ಇದೇ.

ದುಂಡು ಆಕಾರ ಬಂದದ್ದು ಅಂದಕ್ಕಾಗಿ ಅಲ್ಲ, ಅದರ ಹಿಂದೆ ಲೆಕ್ಕವಿದೆ. ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಮಂಡಿಸಿದ ನಿಯಮದ ಪ್ರಕಾರ, ಒಂದು ಗುರಿಯನ್ನು ಮುಟ್ಟಲು ಕೈಗೆ ಬೇಕಾಗುವ ಸಮಯ ಎರಡು ಸಂಗತಿಗಳ ಮೇಲೆ ನಿಂತಿದೆ: ಗುರಿ ಎಷ್ಟು ದೂರವಿದೆ, ಎಷ್ಟು ಅಗಲವಿದೆ. ಇಳಿಪಟ್ಟಿಯಲ್ಲಿ ಮೊದಲ ಸಾಲು ಹತ್ತಿರ, ಹತ್ತನೆಯ ಸಾಲು ದೂರ, ಪ್ರತಿ ಸಾಲೂ ಕಿರಿದು. ಚಕ್ರದಲ್ಲಿ ಎಲ್ಲ ಆಯ್ಕೆಗಳೂ ಬಾಣದಿಂದ ಒಂದೇ ದೂರದಲ್ಲಿವೆ. ಎಂಟು ಆಯ್ಕೆಗಳಿದ್ದರೆ ಒಂದೊಂದರ ಪಾಲಿಗೆ 45 ಡಿಗ್ರಿ ಕೋನ ಬರುತ್ತದೆ. ನಡುವಿನಿಂದ 100 ಪಿಕ್ಸೆಲ್ ಸರಿದಾಗ ಆ ಪಾಲಿನ ಅಗಲ ಸುಮಾರು 78 ಪಿಕ್ಸೆಲ್. 200 ಪಿಕ್ಸೆಲ್ ಸರಿದರೆ ಅದರ ಎರಡರಷ್ಟು. ದೂರ ಹೋದಷ್ಟೂ ಗುರಿ ಅಗಲವಾಗುತ್ತ ಹೋಗುವುದರಿಂದ ಕೈ ಸ್ವಲ್ಪ ಅತ್ತಿತ್ತ ಆದರೂ ತಪ್ಪು ಆಯ್ಕೆ ಆಗುವ ಸಂಭವ ಕಡಿಮೆ.

ಈ ಕಲ್ಪನೆ ಹಳೆಯದು. 1969ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ನೀಲ್ ವೈಸ್‌ಮನ್ ಮತ್ತು ಜೊತೆಗಾರರು ರೂಪಿಸಿದ ಪಿಕ್ಸಿ ಎಂಬ ಚಿತ್ರರಚನೆಯ ವ್ಯವಸ್ಥೆಯಲ್ಲೇ ದುಂಡು ಮೆನು ಇತ್ತು. 1980ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಡಾನ್ ಹಾಪ್ಕಿನ್ಸ್ ಪರದೆಯಲ್ಲಿ ಕಿಟಕಿಗಳನ್ನು ಮೂಡಿಸುವ ಯುನಿಕ್ಸಿನ ಎಕ್ಸ್ ವ್ಯವಸ್ಥೆಗೆ ಇದನ್ನು ಅಳವಡಿಸಿದರು. ಲಿನಕ್ಸ್ ಮುಂದೆ ತನ್ನದಾಗಿಸಿಕೊಂಡದ್ದು ಆ ಎಕ್ಸ್ ವ್ಯವಸ್ಥೆಯನ್ನೇ. 1988ರಲ್ಲಿ ಹಾಪ್ಕಿನ್ಸ್, ಜ್ಯಾಕ್ ಕ್ಯಾಲಹನ್, ಮಾರ್ಕ್ ವೈಸರ್ ಮತ್ತು ಬೆನ್ ಶ್ನೈಡರ್‌ಮನ್ ಸೇರಿ 33 ಜನರ ಕೈಗೆ ಎಂಟು ಆಯ್ಕೆಗಳ ಚಕ್ರ ಮೆನು, ಇಳಿಪಟ್ಟಿ ಎರಡನ್ನೂ ಕೊಟ್ಟು ಹೋಲಿಸಿದರು. ಚಕ್ರದಲ್ಲಿ ಆಯ್ಕೆಗೆ ತಗುಲಿದ ಸಮಯ ಸುಮಾರು ಶೇಕಡ 15ರಷ್ಟು ಕಡಿಮೆ ಇತ್ತು. 2000ದಲ್ಲಿ ಬಂದ ದಿ ಸಿಮ್ಸ್ ಎಂಬ ಕಂಪ್ಯೂಟರ್ ಆಟ ಚಕ್ರ ಮೆನುವನ್ನು ಲಕ್ಷಾಂತರ ಮನೆಗಳಿಗೆ ತಲುಪಿಸಿತು.

ಶೇಕಡ 15 ದೊಡ್ಡ ಉಳಿತಾಯವೇನಲ್ಲ. ನಿಜವಾದ ಲಾಭ ಕಂಡದ್ದು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಕರ್ಟನ್‌ಬಾಕ್ ಮತ್ತು ಬಿಲ್ ಬಕ್ಸ್‌ಟನ್ 1990ರ ದಶಕದ ಆರಂಭದಲ್ಲಿ ನಡೆಸಿದ ಕೆಲಸದಿಂದ. ಅವರ ವ್ಯವಸ್ಥೆಯಲ್ಲಿ ಹೊಸಬರು ಮೆನು ಮೂಡುವವರೆಗೆ ಕಾದು, ನೋಡಿ, ಆರಿಸುತ್ತಾರೆ. ಪಳಗಿದವರು ಕಾಯುವುದಿಲ್ಲ, ಮೆನು ಕಾಣುವ ಮುನ್ನವೇ ಆ ದಿಕ್ಕಿಗೆ ಒಂದು ಗೆರೆ ಎಳೆದುಬಿಡುತ್ತಾರೆ. ಎರಡರಲ್ಲೂ ಕೈಯ ಚಲನೆ ಒಂದೇ ಆದ್ದರಿಂದ ನಿಧಾನವಾಗಿ ಮಾಡಿದ್ದೇ ಅಭ್ಯಾಸವಾಗಿ ವೇಗಕ್ಕೆ ತಿರುಗುತ್ತದೆ, ಪ್ರತ್ಯೇಕವಾಗಿ ಕಲಿಯಬೇಕಾದ್ದು ಏನೂ ಉಳಿಯುವುದಿಲ್ಲ. ಇಬ್ಬರು ಬಳಕೆದಾರರ ದಿನನಿತ್ಯದ ಕೆಲಸವನ್ನು ಗಮನಿಸಿ 1994ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಗೆರೆ ಎಳೆಯುವುದು ಮೆನು ನೋಡಿ ಆರಿಸುವುದಕ್ಕಿಂತ ಸರಾಸರಿ ಮೂರೂವರೆ ಪಟ್ಟು ವೇಗ ಎಂದು ಕಂಡುಬಂತು. ಎಷ್ಟು ಆಯ್ಕೆಗಳಿರಬೇಕು ಎಂಬುದನ್ನೂ ಅವರು ಪರೀಕ್ಷಿಸಿದರು. ಸಮಸಂಖ್ಯೆ ಒಳ್ಳೆಯದು, ಎಂಟು ಆಯ್ಕೆಗಳು, ಒಂದರೊಳಗೆ ಇನ್ನೊಂದರಂತೆ ಎರಡು ಸುತ್ತು, ಅಲ್ಲಿಗೆ ನಿಲ್ಲಿಸಬೇಕು ಎಂಬುದು ಅವರ ನಿಲುವು. ಎಂಟರೊಳಗೆ ಎಂಟೆಂದರೆ 64 ಆಯ್ಕೆಗಳಾದವು. ಸಾಮಾನ್ಯ ಬಳಕೆಗೆ ಅಷ್ಟು ಬೇಕಾದಷ್ಟಾಯಿತು.

ಎಂಟು ದಿಕ್ಕಿನ ಲೆಕ್ಕ ಕನ್ನಡಿಗರಿಗೆ ಹೊಸದಲ್ಲ. ಮೂಡಣ, ಪಡುವಣ, ಬಡಗಣ, ತೆಂಕಣಗಳನ್ನು ಹಿಡಿದು ಹೊಲದ ಚೆಕ್ಕುಬಂದಿ ಬರೆಯುವ, ಅವುಗಳ ನಡುವಿನ ನಾಲ್ಕು ಮೂಲೆಗಳನ್ನೂ ನೋಡಿ ಮನೆಯ ಬಾಗಿಲು ನಿಲ್ಲಿಸುವ ರೂಢಿ ಇಲ್ಲಿಯದು. ಈಶಾನ್ಯಕ್ಕೆ ಬ್ರೌಸರ್, ತೆಂಕಣಕ್ಕೆ ಕಡತಗಳು ಎಂದು ಒಮ್ಮೆ ಮನಸ್ಸಿಗೆ ಹತ್ತಿದರೆ ಹೆಸರನ್ನು ನೆನೆಯುವ ಅಗತ್ಯವೇ ಬೀಳುವುದಿಲ್ಲ.

ಲಿನಕ್ಸಿನ ಚಕ್ರ ಮೆನುಗಳ ಇತಿಹಾಸದ ಬಹುಭಾಗ ಒಬ್ಬರ ಹೆಸರಿನೊಂದಿಗೆ ಬೆಸೆದುಕೊಂಡಿದೆ: ಜರ್ಮನಿಯ ಸೈಮನ್ ಶ್ನೀಗನ್ಸ್. 2011ರಲ್ಲಿ ಅವರು ಗ್ನೋಮ್-ಪೈ ಬಿಡುಗಡೆ ಮಾಡಿದರು. ಅದು ಹಗುರ, ಹಳೆಯ ಯಂತ್ರದಲ್ಲೂ ಸಲೀಸು. ಪರದೆಯ ಅಂಚಿನಲ್ಲಿ ಮೆನು ತೆರೆದರೆ ಚಕ್ರ ತುಂಡಾಗದಂತೆ ಅರ್ಧಚಕ್ರ ಅಥವಾ ಕಾಲುಚಕ್ರವಾಗಿ ಮೂಡುವ ಅನುಕೂಲವೂ ಅದರಲ್ಲಿದೆ. ಆದರೆ ಅದು ಹಳೆಯ ಎಕ್ಸ್ ವ್ಯವಸ್ಥೆಯನ್ನು ನಂಬಿ ಕಟ್ಟಿದ್ದು. ಎಕ್ಸ್‌ನಲ್ಲಿ ಯಾವ ತಂತ್ರಾಂಶವಾದರೂ ಬಾಣ ಎಲ್ಲಿದೆ ಎಂದು ತಿಳಿಯಬಹುದಿತ್ತು, ಯಾವ ಕೀಲಿ ಒತ್ತಿದರೆಂದು ಕೇಳಿಸಿಕೊಳ್ಳಬಹುದಿತ್ತು, ತನ್ನ ಕಿಟಕಿಯನ್ನು ಬೇಕಾದಲ್ಲಿ ಇಡಬಹುದಿತ್ತು. ಅದರ ಜಾಗಕ್ಕೆ ಬಂದ ವೇಲ್ಯಾಂಡ್ ವ್ಯವಸ್ಥೆ ಇದನ್ನೆಲ್ಲ ತಡೆಯಿತು. ಒಂದು ತಂತ್ರಾಂಶ ಇನ್ನೊಂದರ ಪಾಸ್‌ವರ್ಡ್ ಕದ್ದು ಕೇಳಬಾರದೆಂಬ ನ್ಯಾಯವಾದ ಕಾರಣ ಅದಕ್ಕಿದೆ. ಆದರೆ ಬಾಣದ ಸುತ್ತ ಅರಳಬೇಕಾದ ಮೆನುವಿಗೆ ಬಾಣ ಎಲ್ಲಿದೆಯೆಂದೇ ತಿಳಿಯದಂತಾಯಿತು.

ಶ್ನೀಗನ್ಸ್ ಸೋಲೊಪ್ಪಲಿಲ್ಲ. ಮುಂದೆ ಅವರು ರೂಪಿಸಿದ ಫ್ಲೈ-ಪೈ, ಗ್ನೋಮ್ ಪರದೆಯ ಒಳಗೇ ಸೇರುವ ವಿಸ್ತರಣೆ; ಒಳಗಿನದಾದ್ದರಿಂದ ವೇಲ್ಯಾಂಡಿನ ತಡೆ ಅದಕ್ಕಿಲ್ಲ. ಆದರೆ ಗ್ನೋಮ್ ಬಿಟ್ಟು ಬೇರೆಡೆ ಅದು ಓಡದು. ಆಮೇಲೆ ಬಂದದ್ದು ಕ್ಯಾಂಡೊ. ಅದು ಲಿನಕ್ಸಿನ ಹಲವು ಪರದೆ ವ್ಯವಸ್ಥೆಗಳಲ್ಲಷ್ಟೇ ಅಲ್ಲ, ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲೂ ಓಡುತ್ತದೆ. ವೇಲ್ಯಾಂಡ್ ಇರುವ ಗ್ನೋಮ್‌ನಲ್ಲಿ ಅದಕ್ಕೆ ಒಂದು ಪುಟ್ಟ ಸಹಾಯಕ ವಿಸ್ತರಣೆಯನ್ನೂ ಹಾಕಿಕೊಳ್ಳಬೇಕು. ಬ್ರೌಸರಿನ ತಂತ್ರಜ್ಞಾನವನ್ನೇ ಒಳಗಿಟ್ಟುಕೊಂಡ ಎಲೆಕ್ಟ್ರಾನ್ ಎಂಬ ತಳಹದಿಯ ಮೇಲೆ ಕಟ್ಟಿದ್ದರಿಂದ ಅದು ಗ್ನೋಮ್-ಪೈಗಿಂತ ಹೆಚ್ಚು ಮೆಮೊರಿ ಬೇಡುತ್ತದೆ. 2 ಅಥವಾ 4 ಜಿಬಿ ರ್‍ಯಾಮ್‌ನ ಹಳೆಯ ಯಂತ್ರವಿದ್ದು, ಎಕ್ಸ್ ವ್ಯವಸ್ಥೆಯಲ್ಲೇ ನಡೆಯುವ ಲಿನಕ್ಸ್ ಮಿಂಟ್ ಎಂಬ ಲಿನಕ್ಸಿನ ರೂಪವನ್ನು ಹಾಕಿದ್ದರೆ ಗ್ನೋಮ್-ಪೈ ಸಾಕು. ಲಿನಕ್ಸಿನ ಇನ್ನೊಂದು ರೂಪವಾದ ಉಬುಂಟುವಿನ ಹೊಸ ಆವೃತ್ತಿ ಇದ್ದರೆ ಕ್ಯಾಂಡೊ ಮೇಲು. 2025ರ ಅಕ್ಟೋಬರಿನಲ್ಲಿ ಬಂದ ಉಬುಂಟು 25.10ರಿಂದ ಅದರ ಗ್ನೋಮ್ ಪರದೆ ವೇಲ್ಯಾಂಡ್‌ನಲ್ಲಿ ಮಾತ್ರ ಓಡುತ್ತದೆ.

ಮೆನುವಿಗೆ ತಂತ್ರಾಂಶಗಳ ಪರಿಚಯ ಎಲ್ಲಿಂದ ಸಿಗುತ್ತದೆ ಎಂಬುದನ್ನು ತಿಳಿದಿದ್ದರೆ ಕನ್ನಡ ಅಳವಡಿಸುವುದು ಸುಲಭ. ಲಿನಕ್ಸಿನಲ್ಲಿ ಮೆನುವಿನಲ್ಲಿ ಕಾಣುವ ಪ್ರತಿ ತಂತ್ರಾಂಶಕ್ಕೂ ಡೆಸ್ಕ್‌ಟಾಪ್ ಎಂಬ ಬಾಲದ ಒಂದು ಪುಟ್ಟ ಪಠ್ಯ ಕಡತವಿರುತ್ತದೆ. ತಂತ್ರಾಂಶದ ಹೆಸರು, ಅದರ ಚಿತ್ರ, ಅದನ್ನು ಓಡಿಸುವ ಆಜ್ಞೆ ಅದರೊಳಗೆ ಒಂದೊಂದು ಸಾಲಿನಲ್ಲಿವೆ. ಹೆಸರಿನ ಸಾಲನ್ನು ಹಲವು ಭಾಷೆಗಳಲ್ಲಿ ಬರೆಯಬಹುದು. ಕನ್ನಡದ ಭಾಷಾಸಂಕೇತ ಹೊತ್ತ ಸಾಲು ಇದ್ದರೆ, ಕನ್ನಡಕ್ಕೆ ಹೊಂದಿಸಿದ ಯಂತ್ರದಲ್ಲಿ ಆ ಹೆಸರೇ ಕಾಣುತ್ತದೆ. ಅನೇಕ ತಂತ್ರಾಂಶಗಳಲ್ಲಿ ಆ ಸಾಲು ಇಲ್ಲ. ಕ್ಯಾಂಡೊ ಮತ್ತು ಫ್ಲೈ-ಪೈಗಳಲ್ಲಿ ಇದಕ್ಕಾಗಿ ಕಾಯಬೇಕಿಲ್ಲ, ಪ್ರತಿ ಆಯ್ಕೆಗೂ ಬಳಸುವವರೇ ಹೆಸರು ಕೊಡಬಹುದು. ಪಹಣಿಯ ಜಾಲತಾಣಕ್ಕೆ ‘ಉತಾರ’ ಎಂದೇ ಬರೆದುಕೊಂಡರೆ ಬೀಳಗಿಯವರಿಗೆ ಬೇರೆ ವಿವರಣೆ ಬೇಡ. ಹೆಸರು ಚಿಕ್ಕದಿರಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಕನ್ನಡಕ್ಕೆ ಎತ್ತರವೂ ಬೇಕು. ಅಕ್ಷರ ತೀರ ಸಣ್ಣದಾದರೆ ‘ಕ್ಯಾಲ್ಕುಲೇಟರ್’ನಂಥ ಪದ ಕಲಸಿಹೋಗುತ್ತದೆ. ‘ಲೆಕ್ಕ’ ಸಾಕು.

ಆಯ್ಕೆಗಳನ್ನು ಅವರವರ ಕಸುಬಿಗೆ ತಕ್ಕಂತೆ ಜೋಡಿಸಬೇಕು. ಲಗ್ನಪತ್ರಿಕೆ ಅಚ್ಚುಹಾಕುವವರಿಗೆ ಚಿತ್ರ ರಚಿಸುವ ಇಂಕ್‌ಸ್ಕೇಪ್, ಫೋಟೊ ತಿದ್ದುವ ಗಿಂಪ್, ಪತ್ರ ಬರೆಯುವ ಲಿಬ್ರೆ ಆಫೀಸ್, ಪ್ರಿಂಟರ್, ಕಡತಗಳು ಮೊದಲ ಸುತ್ತಿನಲ್ಲಿ ಬೇಕು. ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿ ಬ್ರೌಸರಿನ ಪಾಲಿನೊಳಗೆ ಎರಡನೆಯ ಸುತ್ತು ಮಾಡಿ ಭೂಮಿ, ಸೇವಾ ಸಿಂಧು, ಜಿಎಸ್‌ಟಿ ತಾಣಗಳನ್ನು ಇಡಬಹುದು. ರಬಕವಿ-ಬನಹಟ್ಟಿಯಂಥ ನೇಕಾರಿಕೆಯ ಊರಿಗೆ ವಿಶೇಷವಾಗಿ ಹೇಳಬೇಕಾದದ್ದು ಕ್ರಿಟ ಎಂಬ ಉಚಿತ ಚಿತ್ರರಚನೆಯ ತಂತ್ರಾಂಶದ ಬಗ್ಗೆ. ಅದರೊಳಗೇ ಒಂದು ಚಕ್ರವಿದೆ: ಬಲಗುಂಡಿ ಒತ್ತಿದರೆ ಕುಂಚಗಳೂ ಬಣ್ಣಗಳೂ ಬಾಣದ ಸುತ್ತ ಬರುತ್ತವೆ. ಸೀರೆಯ ಅಂಚಿನ ನಕ್ಷೆ ಬರೆಯುವವರು ಪ್ರತಿ ಬಣ್ಣಕ್ಕೂ ಪರದೆಯ ಮೂಲೆಗೆ ಕಣ್ಣು ಹಾಯಿಸಬೇಕಿಲ್ಲ. ಡಬ್ಲ್ಯೂ ಕೀಲಿ ಒತ್ತಿದರೆ ಬರೆದ ನಕ್ಷೆ ನಾಲ್ಕೂ ಕಡೆ ಪುನರಾವರ್ತನೆಯಾಗಿ ಕಾಣುವ ಸೌಲಭ್ಯವೂ ಅದರಲ್ಲಿದೆ, ಹೀಗಾಗಿ ಹೂವಿನ ಸಾಲು ಕೂಡುವ ಜಾಗದಲ್ಲಿ ತಪ್ಪಿದ್ದರೆ ಬಟ್ಟೆಗೆ ಹೋಗುವ ಮೊದಲೇ ಗೊತ್ತಾಗುತ್ತದೆ.

ಚಕ್ರಕ್ಕೆ ಮಿತಿಗಳೂ ಇವೆ. ಹದಿನಾರು ಆಯ್ಕೆ ತುಂಬಿದರೆ ಒಂದೊಂದರ ಪಾಲು 22.5 ಡಿಗ್ರಿಗೆ ಇಳಿದು ಕೈ ತಪ್ಪತೊಡಗುತ್ತದೆ. ಹಳೆಯ ಲ್ಯಾಪ್‌ಟಾಪಿನ ಸವೆದ ಟಚ್‌ಪ್ಯಾಡಿನಲ್ಲಿ ದಿಕ್ಕು ಹಿಡಿಯುವುದು ಮೌಸಿನಷ್ಟು ಸಲೀಸಲ್ಲ. ಬೆರಳಿನಿಂದ ಮುಟ್ಟುವ ಪರದೆಯಲ್ಲಿ ಅಂಗೈ ಕೆಳಗಿನ ಆಯ್ಕೆಗಳನ್ನು ಮುಚ್ಚಿಬಿಡುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ತಂತ್ರಾಂಶಕ್ಕೆ ಇಳಿಪಟ್ಟಿಯೇ ಸರಿ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಆಗಾಗ ಜಾಗ ಬದಲಿಸುವುದು. ಕೈ ಕಲಿತದ್ದೆಲ್ಲ ಆಗ ಹಾಳಾಗುತ್ತದೆ. ನಾಲ್ಕು ಆಯ್ಕೆಗಳಿಂದ ಶುರುಮಾಡಿ, ಅವು ಕೈಗೆ ಹತ್ತಿದ ಮೇಲೆ ಅವನ್ನು ಅಲುಗಿಸದೆ ಮೂಲೆಗಳಲ್ಲಿ ಉಳಿದ ನಾಲ್ಕನ್ನು ಸೇರಿಸುವುದು ಒಳ್ಳೆಯ ಕ್ರಮ.

ಲಿನಕ್ಸ್ ಎಂದರೆ ಎಂಜಿನಿಯರುಗಳಿಗೆ ಮಾತ್ರ ಎಂಬ ಮಾತಿಗೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೇ ಉತ್ತರ. ಕೇರಳದ ಸರ್ಕಾರಿ ಶಾಲೆಗಳು ಅನೇಕ ವರ್ಷಗಳಿಂದ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಸುತ್ತಿವೆ, ಆ ಮಕ್ಕಳು ಇಂಕ್‌ಸ್ಕೇಪ್, ಗಿಂಪ್‌ಗಳನ್ನು ಪಾಠವಾಗಿಯೇ ಓದುತ್ತಾರೆ. ಜಮಖಂಡಿ, ಮುಧೋಳದ ಕಾಲೇಜು ಹುಡುಗರಿಗೂ ಅದು ನಿಲುಕದ್ದಲ್ಲ. ಬಳಸುವುದಷ್ಟೇ ಅಲ್ಲ, ಅದನ್ನು ಕನ್ನಡಕ್ಕೆ ತರುವುದರಲ್ಲೂ ಅವರು ಕೈಜೋಡಿಸಬಹುದು. ಕ್ಯಾಂಡೊ, ಗ್ನೋಮ್ ಎರಡರ ಅನುವಾದವೂ ಸ್ವಯಂಸೇವಕರ ಕೆಲಸ. ಇಂಗ್ಲಿಷ್ ಓದಿ ಅರ್ಥಮಾಡಿಕೊಂಡು ತಿಳಿಗನ್ನಡದಲ್ಲಿ ಬರೆಯಬಲ್ಲ ಯಾರಾದರೂ ಅದಕ್ಕೆ ಕೈಹಚ್ಚಬಹುದು, ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ. ಡೆಸ್ಕ್‌ಟಾಪ್ ಕಡತಗಳಲ್ಲಿ ಇನ್ನೂ ಇಲ್ಲದ ಕನ್ನಡದ ಸಾಲುಗಳನ್ನು ಸೇರಿಸುವ ಕೆಲಸದಿಂದಲೇ ಅಂಥವರು ಆರಂಭಿಸಲಿ.