ಮಳೆ ಕವಲೊಡೆಯುವ ದಾರಿ

ಆಷಾಢದಲ್ಲಿ ಶೃಂಗೇರಿಯಿಂದ ಬೈಕ್ ಹತ್ತಿ ಕುದುರೆಮುಖ, ಕಳಸ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವವರ ರೇನ್‌ಕೋಟಿನ ಮೇಲೆ ಸುರಿಯುವುದು ಒಂದೇ ಮಳೆ. ಅದು ಹೋಗಿ ಸೇರುವ ಕಡೆ ಮಾತ್ರ ಬೇರೆ ಬೇರೆ. ಬೆಳಿಗ್ಗೆ ಬಿದ್ದದ್ದು ತುಂಗೆಯ ಪಾಲು. ಕಾಡಿನೊಳಗೆ ಕೆಲವು ತಿರುವು ಕಳೆದರೆ ಭದ್ರೆಯ ಪಾಲು. ಮಧ್ಯಾಹ್ನ ಜಾವಳಿಯ ಹತ್ತಿರ ತೊಯ್ದರೆ ಆ ನೀರು ಹೇಮಾವತಿಯದು, ಸಂಜೆ ಘಾಟಿಯಲ್ಲಿ ತೊಯ್ದರೆ ನೇತ್ರಾವತಿಯದು. ಮೊದಲ ಮೂರೂ ಬಂಗಾಳ ಕೊಲ್ಲಿಯತ್ತ ಹೊರಟರೆ ಕೊನೆಯದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಅಂಚಿನ ಈ ದಾರಿಯಲ್ಲಿ ಬೇಸಿಗೆಯಲ್ಲಿ ಹೋದರೆ ಬೆಟ್ಟ ಕಾಣುತ್ತದೆ. ಮಳೆಗಾಲದಲ್ಲಿ ಹೋದರೆ ಅರ್ಧ ಕರ್ನಾಟಕದ ನೀರಿನ ಲೆಕ್ಕ ಎಲ್ಲಿಂದ ಶುರುವಾಗುತ್ತದೆ ಎಂಬುದು ಮೈಗೇ ಗೊತ್ತಾಗುತ್ತದೆ.

ಪುನರ್ವಸು, ಪುಷ್ಯ ಮಳೆಗಳು ಹಿಡಿದುಕೊಂಡ ವಾರಾಂತ್ಯಗಳಲ್ಲಿ ಬೆಂಗಳೂರು, ಮಂಗಳೂರು, ಶಿವಮೊಗ್ಗದ ಬೈಕ್ ತಂಡಗಳು ಇಲ್ಲಿ ಸಾಲು ಕಟ್ಟುತ್ತವೆ. ಬುಲೆಟ್, ಹಿಮಾಲಯನ್‌ಗಳ ಹಿಂದೆಯೇ ಹಳೆಯ ಸ್ಪ್ಲೆಂಡರ್ ಕೂಡ ಇರುತ್ತದೆ. ನಮ್ಮ ಗೆಳೆಯರ ತಂಡವೂ ಇಂಥದೇ ಕಲಬೆರಕೆ. ಆದರೆ ಈ ರಸ್ತೆಯಲ್ಲಿ ಎಂಜಿನ್ನಿನ ಸಿಸಿ ಲೆಕ್ಕಕ್ಕೆ ಬರುವುದಿಲ್ಲ. ಮಂಜು ಇಳಿದು ಹತ್ತು ಮಾರು ಮುಂದಿನದು ಕಾಣದಾದಾಗ ದುಬಾರಿ ಬೈಕೂ ಮೂವತ್ತರ ವೇಗಕ್ಕೆ ಬರುತ್ತದೆ, ಸ್ಪ್ಲೆಂಡರೂ ಅಲ್ಲೇ ಇರುತ್ತದೆ.

ಮಳೆ ದೇವರ ಊರಿನಿಂದ

ಶೃಂಗೇರಿಯಲ್ಲಿ ಹದಿನಾಲ್ಕನೆಯ ಶತಮಾನದ ವಿದ್ಯಾಶಂಕರ ದೇವಾಲಯದ ಪಕ್ಕದಲ್ಲಿ ಹರಿಯುವ ತುಂಗೆ ಬೇಸಿಗೆಯಲ್ಲಿ ತಿಳಿಯಾಗಿ, ಮೀನುಗಳನ್ನು ತೋರಿಸುತ್ತಾಳೆ. ಜುಲೈ ಹೊತ್ತಿಗೆ ಕೆಂಪು ನೀರು ಮೆಟ್ಟಿಲುಗಳನ್ನು ಏರಿರುತ್ತದೆ. ಇಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ಒಳಗೆ ಕಿಗ್ಗ ಇದೆ. ಅಲ್ಲಿಯ ಋಷ್ಯಶೃಂಗೇಶ್ವರನನ್ನು ನಾಡು ಮಳೆ ದೇವರೆಂದೇ ನಂಬಿದೆ. ಅಂಗ ದೇಶಕ್ಕೆ ಕಾಲಿಟ್ಟ ಕೂಡಲೇ ಬರ ನೀಗಿ ಮಳೆ ಸುರಿಯಿತೆಂಬ ಪುರಾಣದ ಋಷ್ಯಶೃಂಗ ಈತನೇ. ಬರ ಬಿದ್ದ ವರ್ಷ ಮಳೆಗಾಗಿ ಇಲ್ಲಿ ಪೂಜೆ ನಡೆಯುತ್ತದೆ, ಅತಿವೃಷ್ಟಿಯಾದ ವರ್ಷ ಮಳೆ ನಿಲ್ಲಲೆಂದೂ ನಡೆಯುತ್ತದೆ. ಎರಡೂ ಅರ್ಜಿಗೆ ಒಂದೇ ಕೌಂಟರ್ ಇರುವುದು ಮಲೆನಾಡಿನ ಅನುಭವಕ್ಕೆ ತಕ್ಕದ್ದೇ.

ಶೃಂಗೇರಿ ಬಿಟ್ಟು ಕಾರ್ಕಳದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169 ಹಿಡಿದರೆ ತುಂಗೆ ಸ್ವಲ್ಪ ದೂರ ಜೊತೆಗೇ ಬರುತ್ತಾಳೆ. ಎರಡೂ ಕಡೆ ಅಡಿಕೆ ತೋಟ. ಮರದ ತುದಿಯ ಗೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿರುವುದು ಅಲ್ಲಲ್ಲಿ ಕಾಣುತ್ತದೆ. ಮಳೆಗೆ ಹಬ್ಬುವ ಕೊಳೆರೋಗ ಗೊನೆಗೆ ತಾಗದಿರಲೆಂದು ಮಾಡುವ ಉಪಾಯ ಅದು. ಕೊಟ್ಟೆ ಕಟ್ಟದವರು ಬೋರ್ಡೋ ದ್ರಾವಣ ಹೊಡೆಯಲು ಒಂದು ಹೊಳವಿಗಾಗಿ ಮುಗಿಲು ನೋಡುತ್ತಿರುತ್ತಾರೆ. ಪ್ರವಾಸಿಗರು ಮಳೆ ಬರಲೆಂದು ಹಾರೈಸುತ್ತಾ ಹಾದುಹೋಗುವುದು ಇವರ ಕಣ್ಣೆದುರಿನಲ್ಲೇ.

ಚೀಟಿ ಹಿಡಿದು ಕಾಡಿಗೆ

ತನಿಕೋಡಿನಲ್ಲಿ ಅರಣ್ಯ ಇಲಾಖೆಯ ಗೇಟು. ಗಾಡಿಯ ನಂಬರು, ಒಳಹೊಕ್ಕ ಸಮಯ ಬರೆದ ಚೀಟಿ ಕೊಡುತ್ತಾರೆ. ಅದನ್ನು ಇನ್ನೊಂದು ತುದಿಯ ಗೇಟಿನಲ್ಲಿ ಒಪ್ಪಿಸಬೇಕು. ತೀರಾ ಬೇಗ ತಲುಪಿದರೆ ವೇಗದ ಪ್ರಶ್ನೆ, ತಡವಾದರೆ ಎಲ್ಲಿ ನಿಂತಿದ್ದಿರಿ ಎಂಬ ಪ್ರಶ್ನೆ. ಮಳೆಯಲ್ಲಿ ಈ ಕಾಗದವನ್ನು ಕಾಪಾಡುವುದೇ ಒಂದು ಕೆಲಸ. ಜೇಬಿಗಿಟ್ಟರೆ ಮುದ್ದೆಯಾಗುತ್ತದೆ, ಕೈಗವಸಿನೊಳಗೆ ಇಟ್ಟರೆ ಶಾಯಿ ಹರಡಿ ನಂಬರೇ ಅಳಿಸುತ್ತದೆ. ಅನುಭವಸ್ಥರು ಹಾಲಿನ ಖಾಲಿ ಪ್ಯಾಕೆಟ್ ತೊಳೆದು ತಂದು, ಅದರೊಳಗೆ ಮಡಚಿ, ಹೆಲ್ಮೆಟ್ಟಿನ ಒಳಪಟ್ಟಿಗೆ ಸಿಕ್ಕಿಸುತ್ತಾರೆ.

ಗೇಟು ದಾಟಿದರೆ ರಸ್ತೆಯ ಸ್ವಭಾವವೇ ಬೇರೆ. ಮರಗಳು ಮೇಲೆ ಕೂಡಿಕೊಂಡಲ್ಲಿ ಬಿಸಿಲು ತಾಗದ ಡಾಂಬರಿನ ಅಂಚಿಗೆ ಪಾಚಿ ಕಟ್ಟಿರುತ್ತದೆ. ಮುಂದಿನ ಬ್ರೇಕನ್ನು ತಿರುವಿನ ನಡುವೆ ಹಿಡಿದರೆ ಚಕ್ರ ಜಾರಿತೆಂದೇ ಲೆಕ್ಕ. ಹಾಗಾಗಿ ತಿರುವಿಗೆ ಮೊದಲೇ ಗೇರ್ ಇಳಿಸಿ, ಎಂಜಿನ್ನಿನಿಂದಲೇ ವೇಗ ತಗ್ಗಿಸಿಕೊಳ್ಳಬೇಕು. ದಾರಿ ಬಲ್ಲವನು ಮುಂದೆ, ರಿಪೇರಿ ಬಲ್ಲವನು ಕೊನೆಗೆ, ಹೊಸಬರು ನಡುವೆ ಎಂಬುದು ತಂಡಗಳ ಕ್ರಮ. ಹಾರ್ನ್ ಬೇಡ, ಹೆಡ್‌ಲೈಟ್ ಬೇಕು. ಹಿಂದಿನವನ ದೀಪ ಕನ್ನಡಿಯಲ್ಲಿ ಕಾಣುತ್ತಿದೆಯೇ ಎಂದು ನೋಡಿಕೊಳ್ಳುತ್ತಾ ಹೋದರೆ ಇಡೀ ಸಾಲು ಒಟ್ಟಿಗಿರುತ್ತದೆ.

ಕೆರೆಕಟ್ಟೆ ಕಳೆದು ಎಸ್.ಕೆ. ಬಾರ್ಡರ್ ಎಂಬಲ್ಲಿ ದಾರಿ ಕವಲಾಗುತ್ತದೆ. ನೇರ ಇಳಿದರೆ ಮಾಳದ ಮೇಲೆ ಕಾರ್ಕಳ, ಎಡಕ್ಕೆ ತಿರುಗಿದರೆ ಕುದುರೆಮುಖ. ಎಡದ ದಾರಿಯಲ್ಲಿ ಕದಂಬಿ ಜಲಪಾತ ರಸ್ತೆಯ ಬದಿಗೇ ಧುಮುಕುತ್ತದೆ. ಈ ಸೀಮೆಯ ಕಾಡಿನೊಳಗಿನ ಗಂಗಾಮೂಲವನ್ನು ತುಂಗೆ, ಭದ್ರೆ, ನೇತ್ರಾವತಿ ಮೂವರ ತವರೆಂದು ಜನ ಕರೆಯುತ್ತಾರೆ. ತುಂಗೆ, ಭದ್ರೆಯರು ಇಲ್ಲಿ ಬೇರೆಯಾಗಿ ಹೊರಟು ಶಿವಮೊಗ್ಗದ ಆಚೆ ಕೂಡಲಿಯಲ್ಲಿ ಮತ್ತೆ ಸೇರುತ್ತಾರೆ.

ಮಂಜು ಸರಿದಾಗ ಕಾಣುವ ನೋಟದಲ್ಲಿ ಈ ನದಿಗಳ ಗುಟ್ಟಿದೆ. ಬೆಟ್ಟಗಳ ಮೈತುಂಬ ಹುಲ್ಲು, ಮಡಿಕೆಗಳಲ್ಲಿ ಮಾತ್ರ ದಟ್ಟ ಶೋಲಾ ಕಾಡು. ಕಡಲಿನ ಗಾಳಿ ಹೊತ್ತುತಂದ ಮೋಡ ಈ ಗೋಡೆಗೆ ತಾಗಿ ಮೇಲೇರಿ, ತಣಿದು ಸುರಿಯುತ್ತದೆ. ಹುಲ್ಲಿನ ಬೇರು, ಅದರಡಿಯ ಮಣ್ಣು ಆ ನೀರನ್ನು ಹಿಡಿದಿಟ್ಟುಕೊಂಡು ಶೋಲಾದ ಹಳ್ಳಗಳಿಗೆ ತಿಂಗಳುಗಟ್ಟಲೆ ಸೋಸಿ ಬಿಡುತ್ತವೆ. ಮಳೆ ನಿಂತ ಮೇಲೂ ಹೊಳೆಗಳು ಬತ್ತದಿರುವುದು ಇದರಿಂದ. ಬೋಳು ಗುಡ್ಡವೆಂದು ಕಾಣುವುದು ಬೋಳಲ್ಲ. ಈ ಕಾಡು ಸಿಂಗಳೀಕಗಳ ಮುಖ್ಯ ನೆಲೆಯೂ ಹೌದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಡೆಸಿದ ಸಿಂಗಳೀಕಗಳ ಸಮೀಕ್ಷೆ ದಾರಿ ಮಾಡಿಕೊಟ್ಟದ್ದರಿಂದ, 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು.

ಕಬ್ಬಿಣವೂ ನೀರಿನಲ್ಲೇ ಹೋಯಿತು

ಕಾಡಿನ ನಡುವೆ ಇದ್ದಕ್ಕಿದ್ದಂತೆ ಅಗಲ ರಸ್ತೆ, ಸಾಲು ಕ್ವಾರ್ಟರ್ಸ್ ಇರುವ ಪಟ್ಟಣವೊಂದು ಎದುರಾಗುತ್ತದೆ. ಇದು ಗಣಿಗಾರಿಕೆಗೆಂದೇ ಕಟ್ಟಿದ ಕುದುರೆಮುಖದ ಊರು, ಮಲ್ಲೇಶ್ವರ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ, ಕೆಐಒಸಿಎಲ್, ಇರಾನಿಗೆ ಅದಿರು ಕಳುಹಿಸುವ ಒಪ್ಪಂದದ ಬಲದಲ್ಲಿ ಶುರುವಾಗಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ಆಡಳಿತ ಉರುಳಿತು. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು.

ಇಲ್ಲಿಯ ಅದಿರು ಕಡಿಮೆ ದರ್ಜೆಯ ಮ್ಯಾಗ್ನಟೈಟ್. ಅದನ್ನು ನುಣ್ಣಗೆ ಅರೆದು, ಕಬ್ಬಿಣದ ಅಂಶ ಬೇರ್ಪಡಿಸಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗಿನ ಪಣಂಬೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ತಡೆಯಲು ಲಖ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಆದರೆ ಮಳೆಗೆ ಗಣಿಯ ಮಣ್ಣು ಕೊಚ್ಚಿ ಭದ್ರೆ ಸೇರುವುದು ನಿಲ್ಲಲಿಲ್ಲ. ಪರಿಸರವಾದಿಗಳ ದೀರ್ಘ ಹೋರಾಟದ ಬಳಿಕ 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಮಳೆಯ ಹೊಡೆತಕ್ಕೆ ಗೋಡೆ ಕಪ್ಪಗಾಗಿರುವ ಮನೆಗಳ ನಡುವೆ ಇಂದು ಬೈಕಿನ ಸದ್ದು ದೊಡ್ಡದಾಗಿ ಕೇಳಿಸುತ್ತದೆ. ಇದನ್ನು ಕೆಲವರು ಕಾಡು ಗೆದ್ದ ಕಥೆ ಎನ್ನುತ್ತಾರೆ, ಕೆಲಸ ಕಳೆದುಕೊಂಡವರ ಮನೆಗಳಲ್ಲಿ ಅದು ಬೇರೆ ಕಥೆ.

ಸೇತುವೆ ಕಂಡರೆ ದಾರಿ

ಸಂಸೆಯ ಕಡೆಯಿಂದ ಕುದುರೆಯ ಮುಖದಂತಿರುವ 1,890 ಮೀಟರ್ ಮೀರಿದ ಶಿಖರ ಕಾಣಬೇಕು. ಆಷಾಢದಲ್ಲಿ ಅದು ಕಂಡರೆ ಅದೃಷ್ಟ. ಕಳಸಕ್ಕೆ ಬಂದರೆ ಭದ್ರೆ ಆಗಲೇ ದೊಡ್ಡ ಹೊಳೆ. ಎತ್ತರದಲ್ಲಿ ಕಳಸೇಶ್ವರ ದೇವಸ್ಥಾನ, ಎಂಟು ಕಿಲೋಮೀಟರ್ ಆಚೆ ಹೊರನಾಡಿನ ಅನ್ನಪೂರ್ಣೇಶ್ವರಿ. ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಜೋರು ಮಳೆಗೆ ಮುಳುಗುವುದು ಮಲೆನಾಡಿನ ಮಳೆ ಸುದ್ದಿಗಳಲ್ಲಿ ಕಾಯಂ. ಆಗ ಹಳುವಳ್ಳಿಯ ಸುತ್ತುದಾರಿಯೇ ಗತಿ. ನಾವು ಹೋದಾಗ ನೀರು ಸೇತುವೆಯ ಹೊಟ್ಟೆ ಮುಟ್ಟಿತ್ತು. ದಡದಲ್ಲಿ ಕಂಬಳಿಕೊಪ್ಪೆ ಹಾಕಿ ನಿಂತಿದ್ದ ಹಿರಿಯರು ಕಂಬಕ್ಕೆ ಸಿಕ್ಕಿಕೊಂಡಿದ್ದ ಮರದ ದಿಮ್ಮಿಯನ್ನೇ ನೋಡುತ್ತಿದ್ದರು. ಅದು ಅಲುಗಿದರೆ ಹೊಳೆ ಏರುತ್ತಿದೆ ಎಂದರ್ಥ. ಅವರು ಕೈ ಬೀಸಿದ ಮೇಲೆಯೇ ಬೈಕುಗಳು ದಾಟಿದವು.

ಊಟದ ಹೊತ್ತಿಗೆ ಮೈ ನಡುಗುತ್ತಿರುತ್ತದೆ. ಕಡುಬು, ಅಕ್ಕಿ ರೊಟ್ಟಿ, ಕಳಲೆ ಪಲ್ಯ ಸಿಕ್ಕರೆ ಪುಣ್ಯ. ಹೊರನಾಡಿನಲ್ಲಂತೂ ಬಂದವರೆಲ್ಲರಿಗೂ ಊಟ ಉಂಟು. ಬೂಟು ಬಿಚ್ಚಿದಾಗ ಕಾಲ್ಬೆರಳ ಸಂದಿಯಲ್ಲಿ ಇಂಬಳ ಕಾಣುವುದೂ ಸಾಮಾನ್ಯ. ಕಿತ್ತು ಎಳೆಯಬಾರದು. ಉಪ್ಪೋ ಸುಣ್ಣವೋ ತಾಗಿಸಿದರೆ ತಾನಾಗಿ ಬಿಡುತ್ತದೆ.

ಬೆಂಗಳೂರಿನ ನಲ್ಲಿಯ ಮೂಲ

ಕಳಸದಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆ ಕಾಫಿ ತೋಟಗಳ ನಡುವೆ, ಕೆಳಗೂರಿನ ಚಹಾ ಗುಡ್ಡಗಳ ಪಕ್ಕದಲ್ಲಿ ಹಾದು ಜಾವಳಿ ಮುಟ್ಟುತ್ತದೆ. ಹೇಮಾವತಿ ಹುಟ್ಟುವುದು ಇಲ್ಲಿ. ಹುಟ್ಟಿದ ಜಾಗದಲ್ಲಿ ಕೊಡ ತುಂಬುವಷ್ಟು ನೀರು, ಗೊರೂರಿನಲ್ಲಿ ಅಣೆಕಟ್ಟೆ ತುಂಬುವಷ್ಟು. ಮುಂದೆ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯ ಜೊತೆ ಬೆರೆಯುತ್ತದೆ. ಬೆಂಗಳೂರಿನ ಮನೆಗಳ ನಲ್ಲಿಗೆ ಬರುವ ಕಾವೇರಿ ನೀರಿನಲ್ಲಿ ಈ ಗುಡ್ಡದ ಮಳೆಯೂ ಇದೆ. ರೇನ್‌ಕೋಟು ಸೋರುತ್ತದೆಂದು ಶಪಿಸುವ ಬೆಂಗಳೂರಿನ ಸವಾರ ತನ್ನ ಕುಡಿಯುವ ನೀರಿಗೇ ಬೈಯುತ್ತಿರುತ್ತಾನೆ.

ಕೊಟ್ಟಿಗೆಹಾರದಲ್ಲಿ ನಿಲ್ಲದೆ ಹೋಗುವವರು ಕಡಿಮೆ. ಇಲ್ಲಿಯ ನೀರುದೋಸೆಗೆ ಹೆಸರಿದೆ. ಮೂಡಿಗೆರೆಯಲ್ಲಿ ನೆಲೆಸಿ, ಈ ಕಾಡುಮೇಡುಗಳನ್ನೇ ಬರಹಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವೂ ಇದೇ ಊರಿನಲ್ಲಿದೆ. ಹೋಟೆಲಿನ ಹೊರಗೆ ಸವಾರರು ಒದ್ದೆ ಕೈಗವಸುಗಳನ್ನು ಬಿಸಿ ಎಂಜಿನ್ನಿನ ಮೇಲೆ ಹರಡುತ್ತಾರೆ. ಎರಡನೆಯ ಕಾಫಿ ಮುಗಿಯುವಷ್ಟರಲ್ಲಿ ಹಬೆಯಾಡಿ ಅರ್ಧ ಒಣಗುತ್ತವೆ. ಚಾರ್ಮಾಡಿಗೆ ಅಷ್ಟು ಸಾಕು, ಹೇಗೂ ಮೊದಲ ತಿರುವಿನಲ್ಲೇ ಮತ್ತೆ ತೊಯ್ಯುತ್ತವೆ.

ಇಳಿಜಾರು

ಚಾರ್ಮಾಡಿ ಘಾಟಿ ರಾಷ್ಟ್ರೀಯ ಹೆದ್ದಾರಿ 73ರಲ್ಲಿದೆ. ಬಂಡೆಗಳ ಮೇಲಿಂದ ಹತ್ತಾರು ಝರಿಗಳು ರಸ್ತೆಗೇ ಇಳಿಯುತ್ತವೆ. ಇವೆಲ್ಲ ಮೃತ್ಯುಂಜಯ ಹೊಳೆಯಾಗಿ ನೇತ್ರಾವತಿ ಸೇರುವವು. ಘಾಟಿಯ ಅಣ್ಣಪ್ಪಸ್ವಾಮಿ ಗುಡಿಗೆ ಕೈಮುಗಿದು ಇಳಿಯುವುದು ಲಾರಿ ಚಾಲಕರ ವಾಡಿಕೆ, ಈಗ ಬೈಕಿನವರದೂ. 2019ರ ಆಗಸ್ಟ್ ಮಳೆಗೆ ಈ ರಸ್ತೆ ಅನೇಕ ಕಡೆ ಕುಸಿದು ತಿಂಗಳುಗಟ್ಟಲೆ ಸಂಚಾರ ಕಡಿದುಹೋಗಿತ್ತು. ಅದೇ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ, ತೋಟ ಹೋದವು. ಇಲ್ಲಿ ಬಂಡೆ ಹತ್ತಿ ಸೆಲ್ಫಿ ತೆಗೆಯುವವರನ್ನು ಪೊಲೀಸರು ಗದರುವುದು ಸುಮ್ಮನೆ ಅಲ್ಲ. 2024ರ ಮಳೆಗಾಲದಲ್ಲಿ, ಎಚ್ಚರಿಕೆ ಮೀರಿ ಝರಿಗಿಳಿದವರ ಬಟ್ಟೆಗಳನ್ನೇ ಪೊಲೀಸರು ಎತ್ತಿಕೊಂಡು ಹೋದದ್ದು ದೊಡ್ಡ ಸುದ್ದಿಯಾಗಿತ್ತು.

ಹೋಗುವವರಿಗೆ

ದಾರಿ: ಬೆಂಗಳೂರಿನಿಂದ ಹಾಸನ, ಚಿಕ್ಕಮಗಳೂರು ಮಾರ್ಗವಾಗಿ ಶೃಂಗೇರಿ. ಘಾಟಿ ಇಳಿದರೆ ಉಜಿರೆ, ಧರ್ಮಸ್ಥಳ, ಮಂಗಳೂರು.

ಇಂಧನ: ಶೃಂಗೇರಿಯಲ್ಲಿ ಟ್ಯಾಂಕ್ ತುಂಬಿಸಿ, ಕಳಸದಲ್ಲಿ ಮತ್ತೊಮ್ಮೆ. ಕಾಡಿನ ನಡುವೆ ಪಂಕ್ಚರ್ ಅಂಗಡಿ ಹುಡುಕಬೇಡಿ, ಪಂಪು, ಕಿಟ್ ಜೊತೆಗಿರಲಿ.

ಸಮಯ: ಕಾಡಿನ ಭಾಗವನ್ನು ಬೆಳಿಗ್ಗೆಯೇ ದಾಟುವಂತೆ ಹೊರಡಿ. ಕತ್ತಲಾದ ಮೇಲೆ ಚಾರ್ಮಾಡಿ ಬೇಡ.

ಅನುಮತಿ: ರಸ್ತೆಗೆ ಗೇಟಿನ ಚೀಟಿ ಸಾಕು. ಶಿಖರದ ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಕಡ್ಡಾಯ.

ಸಿದ್ಧತೆ: ಹೊರಡುವ ಮುನ್ನ ಟೈರಿನ ಗೆರೆ, ಬ್ರೇಕ್ ಪ್ಯಾಡ್ ನೋಡಿಸಿ. ಹೆಲ್ಮೆಟ್ ಗಾಜಿನ ಒಳಮೈಗೆ ತೆಳ್ಳಗೆ ಸೋಪು ಸವರಿ ಒರೆಸಿದರೆ ಉಸಿರಿನ ಮಂಜು ಕಟ್ಟುವುದಿಲ್ಲ. ಒಣ ಬಟ್ಟೆಯನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ. ಆ ಪ್ಲಾಸ್ಟಿಕ್ ನಿಮ್ಮ ಜೊತೆಗೇ ವಾಪಸ್ ಬರಲಿ. ಇಲ್ಲಿ ಬಿಸಾಡಿದ್ದು ನಾಲ್ಕು ನದಿಗಳಲ್ಲಿ ಯಾವುದಾದರೊಂದರ ಪಾಲಾಗುತ್ತದೆ.

ಮುನ್ನೆಚ್ಚರಿಕೆ: ಹವಾಮಾನ ಇಲಾಖೆ ರೆಡ್ ಅಲರ್ಟ್ ಹೊರಡಿಸಿದ ದಿನ ಪ್ರವಾಸ ಮುಂದಕ್ಕೆ ಹಾಕಿ. ಹೆಬ್ಬಾಳೆಯ ಸ್ಥಿತಿಯನ್ನು ಕಳಸದಲ್ಲಿ ಕೇಳಿಕೊಂಡೇ ಹೊರನಾಡಿನ ದಾರಿ ಹಿಡಿಯಿರಿ.